ಜಾಮೀನಿಗೆ ಯಾರ ಪಹಣಿ?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಂಘಟನೆ ಹುಡುಗರಿಗೆ ಬಹಿರಂಗ ಪತ್ರ

ಪ್ರೀತಿಯ ಹುಡುಗರೇ,

ಬಜರಂಗದಳ, ಹಿಂದೂ ಜಾಗರಣ ವೇದಿಕೆ, ಶ್ರೀರಾಮ ಸೇನೆ ಎಂದು ನಿಮ್ಮ ಬ್ಯಾನರುಗಳು ಬೇರೆ ಬೇರೆ. ಊರಿನವರ ಬಾಯಲ್ಲಿ ಮಾತ್ರ ನಿಮಗೆಲ್ಲ ಒಂದೇ ಹೆಸರು: ಸಂಘಟನೆ ಹುಡುಗರು. ರಾತ್ರಿ ಹುಲಿಕಲ್ ಘಾಟಿಯ ಮೇಲೆ ಜಾನುವಾರು ಗಾಡಿ ಅಡ್ಡಹಾಕುವವರು ನೀವು. ಗಣಪತಿ ಬಿಡುವ ದಿನ ಮೆರವಣಿಗೆಯ ಮುಂದೆ ಎದೆಯೊಡ್ಡಿ ನಿಲ್ಲುವವರು ನೀವು. ಬಸ್‌ಸ್ಟ್ಯಾಂಡಿನಲ್ಲಿ ಜೊತೆಗೆ ಕೂತ ಹುಡುಗ ಹುಡುಗಿಯ ಹೆಸರು ವಿಚಾರಿಸುವವರು ನೀವು. ರಕ್ತ ಬೇಕೆಂದು ಫೋನ್ ಬಂದರೆ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಎಲ್ಲರಿಗಿಂತ ಮೊದಲು ಬೈಕ್ ಹತ್ತುವವರೂ ನೀವೇ. ಆಷಾಢದ ಮಳೆಗೆ ರಸ್ತೆಗೆ ಮರ ಬಿದ್ದರೆ ಗರಗಸ ಹಿಡಿದು ಬರುವವರೂ ನೀವೇ. ನೀವು ಕೆಟ್ಟವರೆಂದು ನಂಬಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಈ ಸೀಮೆಯ ಶಾಲೆಗಳಲ್ಲಿ ಪಾಠ ಮಾಡಿದ ಮೇಷ್ಟ್ರು ನಾನು. ನಿಮ್ಮಲ್ಲಿ ಕೆಲವರಿಗೆ ಮಗ್ಗಿ ಹೇಳಿಕೊಟ್ಟಿದ್ದೇನೆ, ಹಲವರ ಅಪ್ಪ ಅಜ್ಜಂದಿರನ್ನು ಬಲ್ಲೆ. ಆ ಸಲಿಗೆಯಿಂದ ಹೇಳುತ್ತಿದ್ದೇನೆ: ನಿಮ್ಮ ಅಜ್ಜಂದಿರು ಬೀದಿಗಿಳಿದು ಗಳಿಸಿದ್ದನ್ನು ಬೀದಿಗಿಳಿದೇ ನೀವು ಒತ್ತೆ ಇಡುತ್ತಿದ್ದೀರಿ. ಆ ಒತ್ತೆಯ ಲಾಭ ನಿಮ್ಮ ಮನೆಗೆ ಬರುತ್ತಿಲ್ಲ.

ಕಾಗೋಡು ಇರುವುದು ಸಾಗರ ತಾಲ್ಲೂಕಿನಲ್ಲೇ. 1951ರ ಏಪ್ರಿಲ್ 18ರಂದು ಅಲ್ಲಿನ ಗೇಣಿದಾರರು ನೇಗಿಲು ಹೊತ್ತು ಧಣಿಗಳ ಗದ್ದೆಗೆ ಇಳಿದರು. ಹೆಚ್ಚಿನವರು ದೀವರು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಧಣಿಯ ಅಂಗಳದಲ್ಲಿದ್ದ ಕೊಳಗ ನ್ಯಾಯವಾಗಿ ಇರಬೇಕಾದದ್ದಕ್ಕಿಂತ ದೊಡ್ಡದಿತ್ತು. ವರ್ಷವಿಡೀ ದುಡಿದವನ ಭತ್ತ ಆ ಹೆಚ್ಚಿನ ಅಳತೆಯಲ್ಲಿ ಕರಗಿಹೋಗುತ್ತಿತ್ತು, ಕೇಳಿದವನ ಗದ್ದೆ ಬಿಡಿಸುತ್ತಿದ್ದರು. ಎಚ್. ಗಣಪತಿಯಪ್ಪನವರು ರೈತರನ್ನು ಒಂದು ಮಾಡಿದರು, ಸಮಾಜವಾದಿಗಳು ಬೆನ್ನಿಗೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಆರಗದ ಶಾಂತವೇರಿ ಗೋಪಾಲಗೌಡರನ್ನು ಸಾಗರ, ಹೊಸನಗರದ ಜನ ವಿಧಾನಸಭೆಗೆ ಕಳಿಸಿದರು. ಮುಂದೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿ ಕಳಿಸಿತು. ನಮ್ಮ ಮೂರೂ ತಾಲ್ಲೂಕಿನ ಮತ ಪಡೆದ ಆ ಮನುಷ್ಯ ಗೇಣಿದಾರನ ಮಾತನ್ನೇ ಆಡುತ್ತಾ 1972ರಲ್ಲಿ ತೀರಿಕೊಂಡರು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ. ನಿಮ್ಮ ಅಜ್ಜಂದಿರು ಏಳನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ಸಾಲು ನಿಂತರು. ಎರಡು ಎಕರೆಯೋ ಮೂರು ಎಕರೆಯೋ, ಪಹಣಿಯಲ್ಲಿ ಅವರ ಹೆಸರು ಕೂತಿತು. ನಿಮ್ಮ ಮನೆಯ ಹಿಂದಿನ ಅಡಿಕೆ ತೋಟ ಬಂದದ್ದು ಹಾಗೆ.

ಅವರೂ ಕಾನೂನು ಮುರಿದವರೇ, ಲಾಠಿ ಏಟು, ಜೈಲು ಕಂಡವರೇ. ಆದರೆ ಅವರು ಎದುರು ಹಾಕಿಕೊಂಡದ್ದು ತಮಗಿಂತ ಬಲವಾಗಿದ್ದವರನ್ನು. ನೀವು ಅಡ್ಡಹಾಕುವ ಪಿಕಪ್ ಗಾಡಿಯ ಡ್ರೈವರ್ ದಿನಗೂಲಿಯವನು. ನೀವು ಜಾತ್ರೆಯಿಂದ ಎಬ್ಬಿಸುವ ಬಳೆ ಅಂಗಡಿಯವನಿಗೆ ಆ ವಾರದ ವ್ಯಾಪಾರವೇ ಮಳೆಗಾಲದ ಅಕ್ಕಿ.

ನಿಮ್ಮ ಬೈಠಕ್‌ಗಳಲ್ಲಿ ಹೇಳುವ ಮಾತಿನ ತಿರುಳು ನನಗೆ ಗೊತ್ತು. ಧರ್ಮಕ್ಕೆ ಕುತ್ತು ಬಂದಿದೆ, ಪೊಲೀಸರೂ ಸರ್ಕಾರವೂ ಕಾಯುವುದಿಲ್ಲ, ನಿಮ್ಮ ತೋಳಿನಲ್ಲಿ ಬಲವಿದ್ದರೆ ನೀವೇ ಕಾಯಬೇಕು. ಈ ಮಾತು ಇವತ್ತು ಹುಟ್ಟಿದ್ದಲ್ಲ, ಈ ದೇಶದಲ್ಲೇ ಹುಟ್ಟಿದ್ದೂ ಅಲ್ಲ. 1920ರ ಸುಮಾರಿಗೆ ಇಟಲಿಯ ಪೋ ನದಿ ಬಯಲಿನಲ್ಲಿ ಕೂಲಿಗಳೂ ಗೇಣಿದಾರರೂ ಸಂಘ ಕಟ್ಟಿಕೊಂಡಿದ್ದರು. ಬೊಲೋನ್ಯಾ, ಫೆರಾರಾ ಕಡೆಯ ಭೂಮಾಲೀಕರಿಗೆ ಅದು ನುಂಗಲಾರದ ತುತ್ತಾಯಿತು. ಅವರು ಮುಸೊಲಿನಿಯ ಕಪ್ಪಂಗಿಯ ಹುಡುಗರಿಗೆ ದುಡ್ಡು ಕೊಟ್ಟರು, ಲಾರಿ ಕೊಟ್ಟರು. ಯುದ್ಧ ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ಹುಡುಗರು ರಾತ್ರಿ ಲಾರಿ ಹತ್ತಿ ಹೋಗಿ ರೈತ ಸಂಘದ ಕಚೇರಿ ಸುಟ್ಟರು, ಸಂಘದ ಮುಖಂಡರನ್ನು ಮನೆಯಿಂದ ಎಳೆದು ಹೊಡೆದರು. ಬಾಯಲ್ಲಿ ದೇಶದ ಹೆಸರು, ಕೈಯಲ್ಲಿ ಧಣಿಯ ಕೆಲಸ. ಎರಡೇ ವರ್ಷದಲ್ಲಿ, 1922ರ ಅಕ್ಟೋಬರ್‌ನಲ್ಲಿ, ಮುಸೊಲಿನಿ ಪ್ರಧಾನಿಯಾದ. ಕಾಗೋಡಿನ ಧಣಿಗಳಿಗೆ 1951ರಲ್ಲಿ ಅಂಥದೊಂದು ಪಡೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ನಿಮ್ಮ ಅಜ್ಜನ ಹೆಸರು ಪಹಣಿಗೆ ಬರುತ್ತಿರಲಿಲ್ಲ.

ಆ ಪಡೆಗಳ ಕವಾಯತನ್ನು ಕಣ್ಣಾರೆ ನೋಡಿ ಮೆಚ್ಚಿ ಬಂದವರು ನಮ್ಮ ದೇಶದಲ್ಲೂ ಇದ್ದರು. ಹಿಂದೂ ಮಹಾಸಭೆಯ ನಾಯಕ, ಆರ್‌ಎಸ್‌ಎಸ್ ಕಟ್ಟಿದ ಹೆಡಗೇವಾರರಿಗೆ ಹಿರಿಯರಂತಿದ್ದ ಬಿ.ಎಸ್. ಮುಂಜೆ 1931ರ ಮಾರ್ಚ್‌ನಲ್ಲಿ ರೋಮಿಗೆ ಹೋಗಿ ಮುಸೊಲಿನಿಯನ್ನು ಭೇಟಿಯಾದರು, ಅಲ್ಲಿನ ಬಾಲಕರ ದಳಗಳನ್ನು ನೋಡಿ ದಿನಚರಿಯಲ್ಲಿ ಕೊಂಡಾಡಿದರು. 1937ರಲ್ಲಿ ನಾಸಿಕ್‌ನಲ್ಲಿ ಸೈನಿಕ ಶಿಕ್ಷಣದ ಶಾಲೆ ಕಟ್ಟಿದರು. ಜರ್ಮನಿಯ ಕಂದು ಅಂಗಿಯ ಪಡೆಯ ಕಥೆಯನ್ನೂ ನಿಮಗೆ ಯಾರೂ ಹೇಳಿರಲಾರರು. ಬೀದಿಯಲ್ಲಿ ಹೊಡೆದಾಡಿ ಹಿಟ್ಲರನನ್ನು ಗದ್ದುಗೆಯ ಹತ್ತಿರ ತಂದವರು ಅವರು. ಗದ್ದುಗೆ ಸಿಕ್ಕಿ ಒಂದೂವರೆ ವರ್ಷವೂ ಆಗಿರಲಿಲ್ಲ, 1934ರ ಜೂನ್ 30ರಂದು ಹಿಟ್ಲರ್ ಅವರ ಮುಖಂಡರನ್ನೇ ಹಿಡಿಸಿ ಕೊಲ್ಲಿಸಿದ. ಸೈನ್ಯಾಧಿಕಾರಿಗಳಿಗೂ ಸಿರಿವಂತರಿಗೂ ಬೀದಿಯ ಹುಡುಗರು ಆಗ ಬೇಡವಾಗಿದ್ದರು.

ಅಷ್ಟು ದೂರ ಯಾಕೆ, ನಮ್ಮ ನೆರೆಯ ಕೊಪ್ಪದ ಮಹೇಂದ್ರ ಕುಮಾರ್ ಅವರನ್ನು ನೆನೆಯಿರಿ. 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯಲ್ಲಿ ಚರ್ಚ್‌ಗಳ ಮೇಲೆ ದಾಳಿಯಾದಾಗ ಅವರು ಬಜರಂಗದಳದ ರಾಜ್ಯ ಸಂಚಾಲಕ. ದಾಳಿಯನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು, ಬಂಧನವಾಯಿತು. ಆಗ ರಾಜ್ಯದಲ್ಲಿ ಇದ್ದದ್ದು ಅವರು ತಮ್ಮದೆಂದು ನಂಬಿದ್ದ ಪಕ್ಷದ ಸರ್ಕಾರವೇ. ಜೈಲಿನಿಂದ ಬಂದವರು ಸಂಘಟನೆ ಬಿಟ್ಟರು, ಆಮೇಲಿನ ವರ್ಷಗಳಲ್ಲಿ ಊರೂರು ತಿರುಗಿ ನಿಮ್ಮಂಥ ಹುಡುಗರನ್ನು ಹುಡುಕಿ ಮಾತಾಡಿದರು. ದೊಡ್ಡವರ ಮಕ್ಕಳು ಯಾಕೆ ಬೀದಿಯಲ್ಲಿಲ್ಲ, ಜೈಲಿಗೆ ಹೋಗುವವರೆಲ್ಲ ಯಾಕೆ ಹಿಂದುಳಿದ ಜಾತಿಯ ಬಡವರ ಮಕ್ಕಳೇ ಎಂದು ಅವರು ಕೇಳುತ್ತಿದ್ದರು. 2020ರ ಏಪ್ರಿಲ್‌ನಲ್ಲಿ, ಇನ್ನೂ ವಯಸ್ಸಿರುವಾಗಲೇ, ಹೃದಯಾಘಾತದಿಂದ ಹೋದರು. ಅವರು ಕೇಳಿದ್ದಕ್ಕೆ ಇವತ್ತಿನವರೆಗೂ ನಿಮ್ಮ ಪ್ರಮುಖರು ಉತ್ತರ ಕೊಟ್ಟಿಲ್ಲ.

ಮೈತ್ರಿ ಎನ್ನುವುದು ಬೀದಿಯವರಿಗೂ ವಿಧಾನಸೌಧದವರಿಗೂ ನಡುವೆ ಹೇಗೆ ನಡೆಯುತ್ತದೆ ನೋಡಿ. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಶ್ರೀರಾಮ ಸೇನೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. 2018ರಲ್ಲಿ ಆ ಪ್ರಕರಣದಲ್ಲಿ ಎಲ್ಲರೂ ಖುಲಾಸೆಯಾದರು. ನಡುವೆ 2010ರಲ್ಲಿ ತೆಹಲ್ಕಾ ಪತ್ರಿಕೆ ಗುಪ್ತ ಕ್ಯಾಮೆರಾ ಇಟ್ಟು, ದುಡ್ಡು ಕೊಟ್ಟರೆ ಶ್ರೀರಾಮ ಸೇನೆ ಗಲಾಟೆ ಮಾಡಿಸಿಕೊಡುವುದಕ್ಕೂ ಸಿದ್ಧವಿದೆ ಎಂದು ವರದಿ ಮಾಡಿತು. ಸೇನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಅದನ್ನು ಅಲ್ಲಗಳೆದರು. ಅದೇ ಮುತಾಲಿಕರನ್ನು 2014ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯಲ್ಲಿ ಹಾರ ಹಾಕಿ ಬಿಜೆಪಿಗೆ ಸೇರಿಸಿಕೊಂಡರು. ದೆಹಲಿಯಿಂದ ಫೋನ್ ಬಂತು, ಕೆಲವೇ ಗಂಟೆಗಳಲ್ಲಿ ಸೇರ್ಪಡೆ ರದ್ದಾಯಿತು. 2023ರಲ್ಲಿ ಅವರು ಕಾರ್ಕಳದಲ್ಲಿ ಪಕ್ಷೇತರರಾಗಿ ನಿಂತು ಸೋತರು. ರಾಜ್ಯಕ್ಕೆಲ್ಲ ಹೆಸರಾದ ನಾಯಕನ ಪಾಡೇ ಇದಾದರೆ, ರಿಪ್ಪನ್‌ಪೇಟೆಯ, ಕೋಣಂದೂರಿನ ಕಾರ್ಯಕರ್ತನ ಪಾಡೇನು?

2020ರ ಆಗಸ್ಟ್‌ನಲ್ಲಿ ಆಗಿನ ಸರ್ಕಾರ 61 ಕ್ರಿಮಿನಲ್ ಪ್ರಕರಣಗಳನ್ನು ಹಿಂಪಡೆಯಲು ಆದೇಶ ಮಾಡಿತು. ಅದರಲ್ಲಿ ಮಂತ್ರಿಗಳು, ಶಾಸಕರ ಮೇಲಿನ ಪ್ರಕರಣಗಳೂ ಇದ್ದವು. ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಮೇಲಿನವರು ತಮ್ಮ ಕೇಸು ತಾವೇ ತೆಗೆದುಕೊಳ್ಳಲು ಆದೇಶ ಹೊರಡಿಸಬಲ್ಲರು. ನಿಮಗೆ ಆ ದಾರಿಯಿಲ್ಲ.

ನಿಮ್ಮ ದಾರಿ ಹೇಗಿದೆ ಎಂಬುದನ್ನು ನಾನು ಸಾಗರದ ಕೋರ್ಟಿನ ಕಟ್ಟೆಯ ಮೇಲೆ ಕೂತು ಕಂಡಿದ್ದೇನೆ. ಒಬ್ಬ ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದ. ಪ್ಲಾಸ್ಟಿಕ್ ಕವರಿನೊಳಗೆ ಪಹಣಿ, ಆಧಾರ್ ಕಾರ್ಡು, ಎರಡು ಫೋಟೊ. ಮಗ ಗಲಾಟೆ ಕೇಸಿನಲ್ಲಿ ಒಳಗಿದ್ದಾನೆ, ಇಬ್ಬರು ಜಾಮೀನುದಾರರು ಬೇಕು. ಒಬ್ಬ ತಾನೇ. ಇನ್ನೊಬ್ಬನನ್ನು ಹುಡುಕಿ ಸಂಬಂಧಿಕರ ಮನೆಯೆಲ್ಲ ಸುತ್ತಿ, ಕೊನೆಗೆ ಹೆಂಡತಿಯ ಅಣ್ಣನನ್ನು ಒಪ್ಪಿಸಿ ಕರೆತಂದಿದ್ದ. ಆ ಭಾವ ಮುಖ ಗಂಟಿಕ್ಕಿಕೊಂಡು ದೂರ ನಿಂತಿದ್ದ. ಅಪ್ಪ ಪಹಣಿ ತೆಗೆದು ಸರ್ವೆ ನಂಬರಿನ ಮೇಲೆ ಬೆರಳಿಟ್ಟು ವಕೀಲರಿಗೆ ತೋರಿಸಿದ: ಇದು ನಮ್ಮಪ್ಪನಿಗೆ ಟೆನೆನ್ಸಿಯಲ್ಲಿ ಬಂದ ಜಾಗ ಸಾರ್ ಎಂದ. ಸಂಘಟನೆಯ ಕಡೆಯಿಂದ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದೆ. ಮೊದಲ ದಿನ ಠಾಣೆಯ ಮುಂದೆ ಬಹಳ ಜನ ಇದ್ದರು ಮೇಷ್ಟ್ರೇ ಎಂದ, ಅಷ್ಟೇ.

ಕೊಳಗಕ್ಕಾಗಿ ಜೈಲಿಗೆ ಹೋದವರ ಹೋರಾಟದಿಂದ ಬಂದ ಭೂಮಿಯ ಕಾಗದ, ಊರಿನ ಸಾಬರ ಅಂಗಡಿಗೆ ಕಲ್ಲು ಹೊಡೆದ ಆರೋಪ ಹೊತ್ತ ಮೊಮ್ಮಗನ ಜಾಮೀನಿಗೆ ಕೋರ್ಟಿಗೆ ಬಂದಿತ್ತು. ಆಮೇಲೆ ವರ್ಷಗಟ್ಟಲೆ ವಾಯಿದೆ. ಗಣಪತಿ ಹಬ್ಬ ಬಂದರೆ ರೌಡಿ ಪಟ್ಟಿಯವರ ಪರೇಡ್. ಚುನಾವಣೆ ಬಂದರೆ ತಹಶೀಲ್ದಾರರ ಮುಂದೆ ಮುಚ್ಚಳಿಕೆ, ಇಲ್ಲವೇ ಗಡಿಪಾರಿನ ನೋಟಿಸು. ದುಬೈಗೆ ಹೋಗೋಣವೆಂದರೆ ಪಾಸ್‌ಪೋರ್ಟಿನ ಪೊಲೀಸ್ ವರದಿ ನಿಲ್ಲುತ್ತದೆ. ಹೆಣ್ಣು ಕೊಡುವವರು ಠಾಣೆಯಲ್ಲಿ ವಿಚಾರಿಸುತ್ತಾರೆ. ನಿಮಗೆ ಭಾಷಣ ಮಾಡಿದವರ ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೆಲಸದಲ್ಲಿರುತ್ತಾರೆ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ನನ್ನ ಕ್ಲಾಸಿನಲ್ಲಿ ಲೆಕ್ಕದಲ್ಲಿ ಮುಂದಿದ್ದ ಹುಡುಗರು ಆ ಪರೇಡಿನ ಸಾಲಿನಲ್ಲಿ ನಿಂತದ್ದನ್ನು ನೋಡಲಾರದೆ ಹೇಳುತ್ತಿದ್ದೇನೆ.

ನೀವು ಕೇಳುವುದು ನನಗೆ ಗೊತ್ತು: ನಮ್ಮವರನ್ನು ಕೊಂದಾಗ ಎಲ್ಲಿದ್ದಿರಿ ಮೇಷ್ಟ್ರೇ? ನ್ಯಾಯವಾದ ಪ್ರಶ್ನೆ. 2022ರ ಫೆಬ್ರುವರಿ 20ರಂದು ಶಿವಮೊಗ್ಗದಲ್ಲಿ ಬಜರಂಗದಳದ ಯುವಕನನ್ನು ಕೊಚ್ಚಿ ಕೊಂದರು. ಅದು ಘೋರ ಕೊಲೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಮಂಗಳೂರಿನ ಆಟೊದಲ್ಲಿ ಸಿಡಿದ ಕುಕ್ಕರ್ ಬಾಂಬಿನ ಆರೋಪಿ ನಮ್ಮ ತೀರ್ಥಹಳ್ಳಿಯವನೇ. ಪಿಎಫ್‌ಐ ಎಂಬ ಮುಸ್ಲಿಂ ಸಂಘಟನೆಯೂ ತನ್ನ ಕಡೆಯ ಬಡ ಹುಡುಗರಿಗೆ ಕವಾಯತು ಕಲಿಸಿ, ಕೋಪ ತುಂಬಿ ಬೀದಿಗೆ ಬಿಟ್ಟಿತು. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಷೇಧಿಸಿತು. ಆ ಕಡೆಯ ಅಮ್ಮಂದಿರೂ ಇವತ್ತು ಜೈಲಿನ ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೂ ಇದೇ ಮಾತು ಹೇಳುತ್ತೇನೆ. ಆದರೆ ಅವರ ಪಾಪ ನಿಮ್ಮ ಕೈಯ ಕಲ್ಲನ್ನು ತೊಳೆಯುವುದಿಲ್ಲ.

ಶಿವಮೊಗ್ಗದಲ್ಲಿ ಕೊಲೆಯಾದ ಆ ಯುವಕನ ಶವಯಾತ್ರೆಯ ದಿನ ನಿಷೇಧಾಜ್ಞೆ ಇತ್ತು. ಆದರೂ ಮಂತ್ರಿ, ಸಂಸದರು ಮುಂದೆ ನಡೆದರು. ಹಿಂದೆ ಕಲ್ಲು ತೂರಿದರು, ವಾಹನ ಸುಟ್ಟರು. ಕಲ್ಲು, ಬೆಂಕಿಯ ಕೇಸು ಬಿದ್ದದ್ದು ಹಿಂದಿದ್ದವರ ಮೇಲೆ. ಅದೇ ವರ್ಷದ ಜುಲೈನಲ್ಲಿ ಬೆಳ್ಳಾರೆ, ಸುರತ್ಕಲ್ ಕಡೆ ಹತ್ತು ದಿನದೊಳಗೆ ಮೂವರು ಯುವಕರು ಕೊಲೆಯಾದರು. ಇಬ್ಬರು ಮುಸ್ಲಿಮರು, ಒಬ್ಬ ಬಿಜೆಪಿ ಯುವ ಮೋರ್ಚಾದವನು. ಆಗ ಕಾರ್ಯಕರ್ತರೇ ತಮ್ಮ ರಾಜ್ಯಾಧ್ಯಕ್ಷರ ಕಾರನ್ನು ಸುತ್ತುವರಿದು ಅಲುಗಾಡಿಸಿದರು. ಆ ಕೋಪ ಸುಳ್ಳಲ್ಲ. ರಾಜ್ಯದಲ್ಲೂ ಕೇಂದ್ರದಲ್ಲೂ ನಮ್ಮದೇ ಸರ್ಕಾರ, ಗೃಹಮಂತ್ರಿ ತೀರ್ಥಹಳ್ಳಿಯವರೇ, ಆದರೂ ನಮ್ಮ ಹುಡುಗ ಸತ್ತ ಎಂಬ ಸಂಕಟ ಅದು. ಆ ಮೂರು ಕೊಲೆಗಳಲ್ಲಿ ಕೊನೆಯದು ಸುರತ್ಕಲ್‌ನ ಮುಸ್ಲಿಂ ಯುವಕನದ್ದು, ಅದರ ಆರೋಪಿಯೊಬ್ಬ 2025ರ ಮೇ 1ರಂದು ಮಂಗಳೂರಿನ ಹೊರವಲಯದ ರಸ್ತೆಯಲ್ಲಿ ಕೊಲೆಯಾದ. ಅದೇ ತಿಂಗಳ ಕೊನೆಗೆ ಬಂಟ್ವಾಳದ ಹತ್ತಿರ ಮತ್ತೊಬ್ಬ ಮುಸ್ಲಿಂ ಯುವಕನ ಕೊಲೆ. ಒಬ್ಬ ಹಿಂದೂವೂ ಇದರಿಂದ ಸುರಕ್ಷಿತನಾಗಲಿಲ್ಲ.

ಗೋವಿನ ವಿಷಯಕ್ಕೂ ಬರುತ್ತೇನೆ, ಅದು ನಿಮ್ಮ ಎದೆಗೆ ಹತ್ತಿರದ್ದು. ಮಲೆನಾಡು ಗಿಡ್ಡ ನನಗೂ ಪ್ರಾಣ. ಆದರೆ ಹಾಲು ಬತ್ತಿದ ಹಸು, ಗಂಡು ಕರು ಸಾಕಲಾಗದ ಬಡವ ಏನು ಮಾಡುತ್ತಾನೆಂದು ನಿಮ್ಮ ಮನೆಯಲ್ಲೇ ಕೇಳಿ. ಮೊದಲು ಮಾರಿ ಹಬ್ಬಕ್ಕೋ ಫೀಸಿಗೋ ನಾಲ್ಕು ಕಾಸು ಕಾಣುತ್ತಿದ್ದ. ಈಗ ಕತ್ತಲಲ್ಲಿ ಪಕ್ಕದೂರಿನ ರಸ್ತೆಗೆ ಬಿಟ್ಟು ಬರುತ್ತಾನೆ. ಅವು ಲಾರಿಗೆ ಸಿಕ್ಕು ಕಾಲು ಮುರಿದುಕೊಂಡು ಬಿದ್ದಿರುವುದನ್ನು ನೀವೂ ಕಂಡಿದ್ದೀರಿ. 2020ರ ಗೋಹತ್ಯೆ ನಿಷೇಧ ಕಾಯ್ದೆಯನ್ನು ಓದಿ ನೋಡಿ, ಗಾಡಿ ಜಪ್ತಿ ಮಾಡುವ ಅಧಿಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸರಿಗೆ, ಸಕ್ಷಮ ಅಧಿಕಾರಿಗೆ. ನಿಮಗಲ್ಲ. ಕತ್ತಲಲ್ಲಿ ಗಾಡಿ ನಿಲ್ಲಿಸಿ ಹೊಡೆದರೆ ಏನಾಗುತ್ತದೆಂದು ಘಾಟಿಯ ಕೆಳಗಿನ ಉಡುಪಿ ಜಿಲ್ಲೆ ಹೇಳುತ್ತದೆ: 2016ರ ಆಗಸ್ಟ್‌ನಲ್ಲಿ ಕರು ಸಾಗಿಸುತ್ತಿದ್ದನೆಂದು ಹೊಡೆದು ಕೊಂದದ್ದು ಒಬ್ಬ ಹಿಂದೂವನ್ನು, ಅದೂ ಬಿಜೆಪಿಯ ಕಾರ್ಯಕರ್ತನನ್ನು. ಆ ಪ್ರಕರಣದಲ್ಲಿ ಬಂಧನವಾದವರು ಜಾಗರಣ ವೇದಿಕೆಯ ಹುಡುಗರು. ಎರಡೂ ಮನೆಯಲ್ಲಿ ದೇವರ ಮುಂದೆ ಅದೇ ದೀಪ ಉರಿಯುತ್ತಿತ್ತು.

ತೀರ್ಥಹಳ್ಳಿಯವರಿಗೆ 2014ರ ಕೊನೆಯ ತಿಂಗಳುಗಳು ಮರೆತಿರಲಾರವು. ಶಾಲೆಗೆ ಹೋಗುತ್ತಿದ್ದ ಮಗುವೊಂದರ ಸಾವು. ತನಿಖೆ ಶುರುವಾಗುವ ಮೊದಲೇ ಕೊಂದವರು ಯಾವ ಕೋಮಿನವರೆಂದು ಊರಿಗೆ ಊರೇ ತೀರ್ಪು ಕೊಟ್ಟಾಗಿತ್ತು. ಅಂಗಡಿಗಳ ಮೇಲೆ ದಾಳಿ, ಬಂದ್, ಬೆಂಕಿ. ಸಿಐಡಿ ತನಿಖೆ ಮಾಡಿ ಅದು ಕೊಲೆಯಲ್ಲ, ಆತ್ಮಹತ್ಯೆ ಎಂದಿತು. ಸುಟ್ಟುಹೋದದ್ದಕ್ಕೆ ತೀರ್ಪು ಕೊಟ್ಟವರಾರೂ ಹೊಣೆ ಹೊರಲಿಲ್ಲ, ಆ ಮಗುವಿನ ಹೆಸರು ಚುನಾವಣೆಯ ಭಾಷಣಗಳಿಗೆ ಸಾಮಗ್ರಿಯಾಯಿತು.

ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಗೆ ನಿಮ್ಮಲ್ಲಿ ಹರಕೆ ಹೊರದ ಮನೆ ಇದೆಯೇ? ಭೂತರಾಯ, ಚೌಡೇಶ್ವರಿ, ಸಾದಾತರ ದರ್ಗಾ ಎಲ್ಲ ಒಂದೇ ಸೂರಿನಡಿ. ಹಸು ಕಳೆದರೆ, ಮಗುವಿಗೆ ಜ್ವರ ಬಿಡದಿದ್ದರೆ, ಕೋರ್ಟಿನ ಕೇಸು ಇದ್ದರೆ ನಿಮ್ಮ ಅಜ್ಜಿ ಕೋಳಿ ಹಿಡಿದು ಅಲ್ಲಿಗೇ ಹೋಗುತ್ತಿದ್ದಳು. ಅವಳ ಧರ್ಮಕ್ಕೆ ಯಾವ ಕುತ್ತೂ ಬಂದಿರಲಿಲ್ಲ. 2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂದು ಒತ್ತಡ ತಂದಾಗ ಸಮಿತಿ ಮಣಿಯಿತು. ಮಾರಿ ಯಾರ ಮನೆಯ ದೇವರು? ಸಿಡುಬಿಗೆ ಹೆದರಿದ ಎಲ್ಲ ಜಾತಿಯ ಬಡವರ ದೇವರು. ಅವಳ ಜಾತ್ರೆಯಿಂದ ಬಡವನನ್ನು ಎಬ್ಬಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು?

ನಮ್ಮ ಸಮಾಜವಾದಿ ಹಿರಿಯರ ತಪ್ಪೂ ಇದರಲ್ಲಿ ಇದೆ ಎಂದು ಹೇಳದಿದ್ದರೆ ಅನ್ಯಾಯವಾದೀತು. ಕಾಂಗ್ರೆಸ್ಸನ್ನು ಸೋಲಿಸುವ ಹಠದಲ್ಲಿ ಲೋಹಿಯಾ 1967ರಲ್ಲಿ ಜನಸಂಘದ ಜೊತೆ ಕೈಜೋಡಿಸಿದರು. 1977ರಲ್ಲಿ ಎಲ್ಲರೂ ಜನತಾ ಪಕ್ಷದೊಳಗೆ ಒಂದಾದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಿಜೆಪಿಯ 18 ಶಾಸಕರ ಬೆಂಬಲದಲ್ಲಿ ನಿಂತಿತು. ಗೇಣಿದಾರರ ಮಕ್ಕಳ ನಾಯಕರಾಗಿ ಬೆಳೆದ ಬಂಗಾರಪ್ಪನವರೇ 2004ರಲ್ಲಿ ಆ ಪಕ್ಷದ ಚಿಹ್ನೆಯಲ್ಲಿ ಸಂಸತ್ತಿಗೆ ಹೋದರು, ಬೇಗನೆ ಬಿಟ್ಟೂ ಬಂದರು. ಪ್ರತಿ ಮೈತ್ರಿಯ ನಂತರ ಒಂದು ಕಡೆ ಶಾಖೆ ಬೆಳೆಯಿತು, ಇನ್ನೊಂದು ಕಡೆ ರೈತ ಸಂಘದ ಸಭೆಗೆ ಬರುವವರು ಕಡಿಮೆಯಾದರು. ನಿಮ್ಮನ್ನು ಕರೆಯಲು ಬೇರೆ ಯಾರೂ ಉಳಿಯಲಿಲ್ಲ, ಅದಕ್ಕೇ ಕರೆದವರ ಹಿಂದೆ ಹೋದಿರಿ.

ಕರೆಯಲು ಕೆಲಸ ಇಲ್ಲದೆ ಇಲ್ಲ. ಶರಾವತಿಯಲ್ಲಿ ಮನೆ ಗದ್ದೆ ಮುಳುಗಿಸಿಕೊಂಡ ಕುಟುಂಬಗಳಿಗೆ ಲಿಂಗನಮಕ್ಕಿ ಕಟ್ಟಿ ಅರವತ್ತು ವರ್ಷ ಕಳೆದರೂ ಹಕ್ಕುಪತ್ರದ ತಂಟೆ ತೀರಿಲ್ಲ. ಎಲೆಚುಕ್ಕೆ ರೋಗಕ್ಕೆ ಹೊಸನಗರ, ತೀರ್ಥಹಳ್ಳಿಯ ತೋಟಗಳು ಒಣಗುತ್ತಿವೆ. ಆ ಅರ್ಜಿ ಹಿಡಿದು ನೀವೆಲ್ಲ ಒಂದು ದಿನ ಡಿಸಿ ಕಚೇರಿ ಮುಂದೆ ಕೂತರೆ ಆ ಬಲವೇ ಬೇರೆ. ಮುಳುಗಡೆ ಸಂತ್ರಸ್ತರ ಪಟ್ಟಿಯಲ್ಲಿ ಮುಸ್ಲಿಮರೂ ಇದ್ದಾರೆ, ಪಕ್ಕದಲ್ಲಿ ಕೂತರೆ ಗೊತ್ತಾಗುತ್ತದೆ.

ಕೊನೆಯದಾಗಿ ತುರ್ತಿನ ಮಾತು. 2025ರ ಜೂನ್‌ನಲ್ಲಿ ಸರ್ಕಾರ ಕೋಮು ಗಲಭೆ ತಡೆಯಲೆಂದು ವಿಶೇಷ ಕಾರ್ಯಪಡೆ ಮಾಡಿದೆ. ದಕ್ಷಿಣ ಕನ್ನಡ, ಉಡುಪಿಯ ಜೊತೆಗೆ ನಮ್ಮ ಶಿವಮೊಗ್ಗವೂ ಅದರ ವ್ಯಾಪ್ತಿಗೆ ಸೇರಿದೆ. ನಮ್ಮ ಕಾಡುಗಳಲ್ಲಿ ನಕ್ಸಲರನ್ನು ಹುಡುಕುತ್ತಿದ್ದ ಪಡೆಯ ಸಿಬ್ಬಂದಿಯೇ ಈಗ ಅಲ್ಲಿದ್ದಾರೆ. ಪಟ್ಟಿಗಳು ತಯಾರಾಗುತ್ತವೆ, ಅದರಲ್ಲಿ ನಿಮ್ಮ ಹೆಸರು ಇರುತ್ತದೆ, ನಿಮ್ಮನ್ನು ಕಳಿಸಿದವರದ್ದು ಇರುವುದಿಲ್ಲ. ಈಗಾಗಲೇ ಕೇಸಿನಲ್ಲಿ ಸಿಕ್ಕಿ ಹೊರಬರಬೇಕೆಂದಿರುವವರು ಸಾಗರ, ಹೊಸನಗರ, ತೀರ್ಥಹಳ್ಳಿ ಕೋರ್ಟುಗಳಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ, ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಅರ್ಜಿ ಬರೆಯಲು ಬಾರದಿದ್ದರೆ ನನ್ನ ಹತ್ತಿರ ಬನ್ನಿ, ಬರೆದುಕೊಡುತ್ತೇನೆ. ನಾನು ಹೇಳಿದ್ದರಲ್ಲಿ ಯಾವುದು ಒಪ್ಪಿಗೆಯಾಗಲಿಲ್ಲವೋ ಅದನ್ನು ಪತ್ರಿಕೆಗೆ ಬರೆಯಿರಿ, ಪ್ರಮುಖರನ್ನು ಕೇಳಿಕೊಂಡಲ್ಲ, ನೀವೇ ಯೋಚಿಸಿ.

ಇಂತಿ,
ನಿಮ್ಮೂರಿನ ನಿವೃತ್ತ ಮೇಷ್ಟ್ರು